ಹತ್ತು ವರ್ಷದಲ್ಲಿ ಮೂರು ವರ್ಷ ಕಮ್ಮಿ

ಮೇ ತಿಂಗಳ ಒಂದು ಮಧ್ಯಾಹ್ನ ಊರಿಂದ ಅಣ್ಣನ ಫೋನ್ ಬಂತು. ಅಣ್ಣ ಹಗಲು ಹೊತ್ತು ಫೋನ್ ಮಾಡುವವನಲ್ಲ. ಮಾಡಿದ ಅಂದ್ರೆ ಯಾರೋ ತೀರಿಕೊಂಡಿರಬೇಕು, ಇಲ್ಲಾ ದುಡ್ಡಿನ ವಿಷಯ ಇರಬೇಕು. ಮೀಟಿಂಗ್ ಬಿಟ್ಟು ಎದ್ದು ಹೊರಗೆ ಬಂದೆ.

"ನಮ್ ಹುಡುಗಿಗೆ ಗ್ರಾಮೀಣ ಸರ್ಟಿಫಿಕೇಟ್ ಕೊಡಾಕ ಬರಂಗಿಲ್ಲಂತಪಾ" ಅಂದ.

"ಯಾಕಂತ?"

"ಮೂರು ವರ್ಷ ಕಮ್ಮಿ ಬೀಳ್ತಾವಂತ."

ಅಣ್ಣನ ಮಗಳು ಸೈನ್ಸ್ ಪಿಯುಸಿ ಮುಗಿಸಿ ಎಂಜಿನಿಯರಿಂಗ್ ಸೀಟಿಗೆ ಸಿಇಟಿ ಬರೆದಿದ್ದಳು. ನಮ್ಮದು ರಾಯಚೂರು ಜಿಲ್ಲೆಯ ಒಂದು ಸಣ್ಣ ಹಳ್ಳಿ. ಊರಲ್ಲಿ ಸರ್ಕಾರಿ ಶಾಲೆ ಇದೆ, ಏಳನೇ ಕ್ಲಾಸಿನವರೆಗೆ. ಎಂಟಕ್ಕೆ ಎಲ್ಲರೂ ಆರು ಕಿಲೋಮೀಟರ್ ಆಚೆಯ ತಾಲೂಕು ಊರಿಗೆ ಹೋಗಬೇಕು. ನಾನು ಹೋಗಿದ್ದೆ, ಅಣ್ಣ ಹೋಗಿದ್ದ, ಈಗ ಅವನ ಮಗಳೂ ಹೋದಳು. ಬೆಳಿಗ್ಗೆ ಒಂದೇ ಬಸ್ಸು. ಅದು ತಪ್ಪಿದರೆ ಟಂಟಂ, ಅದೂ ಇಲ್ಲದಿದ್ದರೆ ಹೊಲಕ್ಕೆ ಹೋಗುವ ಯಾರದ್ದೋ ಬೈಕಿನ ಹಿಂದೆ. ಸಂಜೆ ಬಂದ ಮೇಲೆ ಎಮ್ಮೆಗೆ ನೀರು, ಹತ್ತಿ ಬಿಡಿಸುವ ಕಾಲದಲ್ಲಿ ವಾರಕ್ಕೆರಡು ದಿನ ಶಾಲೆಗೆ ಚಕ್ಕರ್. ಅಚ್ಚ ಹಳ್ಳಿ ಹುಡುಗಿ.

ಆದರೆ ನಿಯಮ ಬೇರೆ ಹೇಳುತ್ತದೆ. ಸಿಇಟಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 15 ಸೀಟು. ಅದು ಸಿಗಬೇಕಾದರೆ 1ರಿಂದ 10ನೇ ತರಗತಿವರೆಗೆ, ಪೂರ್ತಿ ಹತ್ತು ವರ್ಷ, ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ತಾಲೂಕು ಊರಿಗೆ ಪುರಸಭೆ ಇದೆ. ಪುರಸಭೆ ಇದ್ದಮೇಲೆ ಅದು ಪಟ್ಟಣ. ಅಲ್ಲಿಗೆ ಅವಳ ಏಳು ವರ್ಷ ಹಳ್ಳಿ ಲೆಕ್ಕ, ಮೂರು ವರ್ಷ ಸಿಟಿ ಲೆಕ್ಕ. ಅವಳ ಹಳ್ಳಿಯಲ್ಲಿ ಹೈಸ್ಕೂಲೇ ಇಲ್ಲ ಅನ್ನೋದು ಆ ಫಾರ್ಮಿನ ಯಾವ ಕಾಲಮ್ಮಿನಲ್ಲೂ ಬರುವುದಿಲ್ಲ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿನವರೂ ಏನು ಮಾಡಿಯಾರು, ಅವರು ಬರೆದದ್ದನ್ನು ಓದುತ್ತಾರೆ.

"ಕನ್ನಡ ಮಾಧ್ಯಮದ್ದು ಇದೆಯಲ್ಲ, ಶೇ. 5?" ಅಂದೆ.

ಅಣ್ಣ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ, "ಎಂಟನೇತ್ತಕ್ಕ ಇಂಗ್ಲಿಷ್ ಸೆಕ್ಷನ್ನಿಗೆ ಹಾಕು ಅಂದಿದ್ದಿ ನೀನ" ಅಂದ.

ಹೌದು. ನಾನೇ ಹೇಳಿದ್ದೆ. ಕನ್ನಡ ಮಾಧ್ಯಮದ್ದೂ ಹತ್ತು ವರ್ಷದ ಲೆಕ್ಕವೇ. ಅಲ್ಲೂ ಮೂರು ವರ್ಷ ಕಮ್ಮಿ.

ಯಾಕೆ ಹಾಗೆ ಹೇಳಿದೆ ಅನ್ನೋದಕ್ಕೆ ನನ್ನ ಪಿಯುಸಿ ಕಥೆ ಹೇಳಬೇಕು. ಹತ್ತನೇ ಕ್ಲಾಸಿನವರೆಗೆ ನಾನು ವಿಜ್ಞಾನದಲ್ಲಿ ಹುಷಾರು. ಜಡತ್ವ, ವೇಗೋತ್ಕರ್ಷ, ವಕ್ರೀಭವನ, ದ್ಯುತಿಸಂಶ್ಲೇಷಣೆ ಎಲ್ಲ ಬಾಯಲ್ಲಿ. ರಾಯಚೂರಿಗೆ ಬಂದು ಪಿಯುಸಿಗೆ ಕೂತ ಮೊದಲ ದಿನ ಫಿಸಿಕ್ಸ್ ಮೇಷ್ಟ್ರು ಬೋರ್ಡ್ ಮೇಲೆ ಏನೋ ಬರೆದು ಗಡಗಡ ಹೇಳಿಕೊಂಡು ಹೋದರು. ಅರ್ಧ ಗಂಟೆ ಆದಮೇಲೆ ಹೊಳೆಯಿತು, ಅವರು ಹೇಳ್ತಾ ಇರೋದು ವೇಗೋತ್ಕರ್ಷ ಅಂತ. ನನಗೆ ಗೊತ್ತಿದ್ದ ಪಾಠವೇ ಅದು. ಗೊತ್ತಿದ್ದದ್ದು ಗೊತ್ತಿಲ್ಲದ ಹಾಗಾಗಿತ್ತು. ನೋಟ್‌ಬುಕ್ಕಿನ ಅಂಚಿನಲ್ಲಿ ಕನ್ನಡ ಅಕ್ಷರದಲ್ಲೇ ಬರೆದುಕೊಳ್ಳುತ್ತಿದ್ದೆ: ಆಕ್ಸಿಲರೇಶನ್ ಅಂದ್ರೆ ವೇಗೋತ್ಕರ್ಷ, ಇನರ್ಷಿಯಾ ಅಂದ್ರೆ ಜಡತ್ವ. ಮೊದಲ ಟೆಸ್ಟಿನಲ್ಲಿ 25ಕ್ಕೆ 4 ಬಂತು. ಪಕ್ಕದ ಹುಡುಗ 19 ತೆಗೆದಿದ್ದ. ನನಗಿಂತ ಅವನಿಗೆ ಫಿಸಿಕ್ಸ್ ಜಾಸ್ತಿ ಗೊತ್ತಿತ್ತಾ? ಗೊತ್ತಿಲ್ಲ. ಇಂಗ್ಲಿಷ್ ಅಂತೂ ಗೊತ್ತಿತ್ತು. ನಮ್ಮ ಹಾಸ್ಟೆಲಿನಿಂದ ಸೈನ್ಸ್ ಸೇರಿದ ಒಂಬತ್ತು ಜನರಲ್ಲಿ ಮೂವರು ದಸರಾ ರಜೆಗೆ ಹೋದವರು ಟ್ರಂಕ್ ಒಯ್ಯಲು ಮಾತ್ರ ವಾಪಸ್ ಬಂದರು. ಆರ್ಟ್ಸಿಗೆ ಸೇರಿಕೊಂಡರಂತೆ.

ಆ ಒಂದು ವರ್ಷ ಅಣ್ಣನ ಮಗಳಿಗೆ ಬರಬಾರದು ಅಂತ ನನ್ನಾಸೆ. ಬರಲಿಲ್ಲ. ಅವಳು ಪಿಯುಸಿ ಚೆನ್ನಾಗೇ ಮಾಡಿದಳು. ಆದರೆ ಆ ಆಸೆಗೆ ಇಷ್ಟು ಬೆಲೆ ಇದೆ ಅಂತ ನನಗೆ ಗೊತ್ತಿರಲಿಲ್ಲ. ಊರ ಮಕ್ಕಳಿಗೆ ಇಂಗ್ಲಿಷ್ ಬೇಕು ಅಂತ ಸರ್ಕಾರವೇ 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿ ಶುರು ಮಾಡಿತು. ಶಿಕ್ಷಣದಲ್ಲಿ ಹಿಂದುಳಿದ ತಾಲೂಕುಗಳಲ್ಲಿರುವ ಸರ್ಕಾರಿ ಆದರ್ಶ ವಿದ್ಯಾಲಯಗಳಲ್ಲಿ ಆರನೇ ಕ್ಲಾಸಿನಿಂದ ಇಂಗ್ಲಿಷೇ. ಅಲ್ಲಿಗೆ ಪ್ರವೇಶ ಪರೀಕ್ಷೆ ಬರೆದು ಸೇರುವುದು ಹಳ್ಳಿಯ ಚುರುಕು ಮಕ್ಕಳೇ. ಸೇರಿದ ದಿನವೇ ಶೇ. 5ರ ಬಾಗಿಲು ಮುಚ್ಚಿತು. ಒಂದು ಕೈ ಇಂಗ್ಲಿಷ್ ಓದು ಅನ್ನುತ್ತೆ, ಇನ್ನೊಂದು ಕೈ ಓದಿದ್ಯಾ, ಹಾಗಾದ್ರೆ ನಿನಗಿಲ್ಲ ಅನ್ನುತ್ತೆ.

ಅದೇ ವಾರ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಒಬ್ಬರು ಸಿಕ್ಕರು. ಹಾರ್ಡ್‌ವೇರ್ ವ್ಯಾಪಾರ, ಒಳ್ಳೆಯ ಮನುಷ್ಯರು. ಅವರ ಮಗನೂ ಸಿಇಟಿ ಬರೆದಿದ್ದ. ಒಂದನೇ ಕ್ಲಾಸಿನಿಂದ ಓದಿದ್ದು ಊರಾಚೆಯ ಒಂದು ದೊಡ್ಡ ಶಾಲೆಯಲ್ಲಿ. ಕುದುರೆ ಸವಾರಿ ಇದೆ, ಈಜುಕೊಳ ಇದೆ, ಎಸಿ ಬಸ್ಸು ಮನೆ ಬಾಗಿಲಿಗೆ ಬರುತ್ತೆ. ಜಾಗ ಮಾತ್ರ ಗ್ರಾಮ ಪಂಚಾಯ್ತಿ ಮಿತಿಯದ್ದು. "ನಮ್ದು ರೂರಲ್ ಸರ್" ಅಂತ ನಕ್ಕರು. ಅನುಕೂಲಸ್ಥರನ್ನು ಹೊರಗಿಡುವ ಕೆನೆಪದರದ ನಿಯಮ ಇದೆಯಲ್ಲ, ಆದಾಯದ ಮಿತಿ ಇದೆಯಲ್ಲ ಅಂತ ಕೇಳಬೇಕು ಅನ್ನಿಸಿತು. ಕೇಳಲಿಲ್ಲ. ನಮ್ಮಂಥ ಸಂಬಳದವರ ಆದಾಯ ಕಾಗದದಲ್ಲಿ ಕಾಣುವಷ್ಟು ಚೆನ್ನಾಗಿ ವ್ಯಾಪಾರದವರದು ಕಾಣೋದಿಲ್ಲ, ಅದು ಎಲ್ಲರಿಗೂ ಗೊತ್ತಿದ್ದದ್ದೇ.

ಅವರ ಮೇಲೆ ಸಿಟ್ಟು ಬರಲಿಲ್ಲ. ಕೊಡೋ ಕಾಗದವನ್ನು ಅವರು ತಗೊಂಡಿದ್ದಾರೆ. ನಿಯಮ ಶಾಲೆಯ ಕಟ್ಟಡ ಎಲ್ಲಿದೆ ಅಂತ ಕೇಳುತ್ತೆ. ಕಟ್ಟಡ ಪಂಚಾಯ್ತಿ ಒಳಗಿದೆ. ಮಗು ಎಲ್ಲಿಂದ ಎದ್ದು ಬರುತ್ತೆ ಅಂತ ಯಾರೂ ಕೇಳಿಲ್ಲ.

ಇಷ್ಟು ಹೇಳಿದ ಮೇಲೆ ಸಿಇಟಿಯನ್ನು ಬೈತಾ ಇದೀನಿ ಅಂತ ಅಂದುಕೊಳ್ಳಬೇಡಿ. ನನ್ನ ಅನ್ನ ಅದರದ್ದೇ. ಅದು ಬರುವ ಮುಂಚೆ ಏನಿತ್ತು ಅನ್ನೋದು ಈಗಿನವರಿಗೆ ಮರೆತೇ ಹೋಗಿದೆ.

ಡೊನೇಷನ್ ಸೀಟು ಅಂದ್ರೆ ಕರ್ನಾಟಕ ಅನ್ನೋ ಹೆಸರಿತ್ತು ಆಗ. 1984ರಲ್ಲೇ ಕ್ಯಾಪಿಟೇಷನ್ ಶುಲ್ಕ, ಅಂದ್ರೆ ಇದೇ ಡೊನೇಷನ್, ನಿಷೇಧಿಸುವ ಕಾಯ್ದೆ ಬಂತು. ಬಂದು ಏನಾಯ್ತು? 1989ರಲ್ಲಿ ಸರ್ಕಾರವೇ ಒಂದು ಅಧಿಸೂಚನೆ ಹೊರಡಿಸಿ ಖಾಸಗಿ ಮೆಡಿಕಲ್ ಕಾಲೇಜುಗಳ ಫೀಸು ಗೊತ್ತು ಮಾಡಿತು. ಸರ್ಕಾರಿ ಸೀಟಿನವರಿಗೆ ವರ್ಷಕ್ಕೆ 2,000 ರೂಪಾಯಿ. ಸರ್ಕಾರಿ ಸೀಟು ಸಿಗದ ಕರ್ನಾಟಕದವರಿಗೆ 25,000. ಹೊರ ರಾಜ್ಯದವರಿಗೆ 60,000. ಒಂದೇ ಕ್ಲಾಸು, ಒಂದೇ ಹೆಣ, ಅದೇ ಕತ್ತರಿ. ಉತ್ತರ ಪ್ರದೇಶದ ಮೀರತ್ತಿನ ಮೋಹಿನಿ ಜೈನ್ ಅನ್ನುವ ಹುಡುಗಿ ತುಮಕೂರಿನ ಒಂದು ಖಾಸಗಿ ಕಾಲೇಜಿಗೆ ಸೇರಲು ಬಂದಾಗ ಅಷ್ಟು ದುಡ್ಡು ಕಟ್ಟಲಾಗದೆ ಸುಪ್ರೀಂ ಕೋರ್ಟಿಗೆ ಹೋದರು. 1992ರ ಜುಲೈ ಕೊನೆಯಲ್ಲಿ ತೀರ್ಪು ಬಂತು. ಶಿಕ್ಷಣದ ಹಕ್ಕು ಬದುಕುವ ಹಕ್ಕಿನ ಒಳಗೇ ಇದೆ, ಈ ಫೀಸು ಬೇರೆ ಹೆಸರಿನ ಕ್ಯಾಪಿಟೇಷನ್ ಅಷ್ಟೇ ಅಂತ ಕೋರ್ಟು ಹೇಳಿತು. ದೇಶಕ್ಕೆ ಶಿಕ್ಷಣದ ಹಕ್ಕಿನ ಮಾತು ಬಂದದ್ದು ನಮ್ಮ ರಾಜ್ಯದ ಡೊನೇಷನ್ ಕಾಲೇಜಿನ ಬಾಗಿಲಿಂದ. ಹೆಮ್ಮೆ ಪಡಬೇಕೋ ನಾಚಿಕೆ ಪಡಬೇಕೋ ಗೊತ್ತಾಗಲ್ಲ.

ಮರುವರ್ಷ, 1993ರಲ್ಲಿ, ಉನ್ನಿಕೃಷ್ಣನ್ ಪ್ರಕರಣದಲ್ಲಿ ಕೋರ್ಟು ಒಂದು ಲೆಕ್ಕ ಹಾಕಿಕೊಟ್ಟಿತು. ಖಾಸಗಿ ಕಾಲೇಜಿನಲ್ಲೂ ಅರ್ಧ ಫ್ರೀ ಸೀಟು, ಅರ್ಧ ಪೇಮೆಂಟ್ ಸೀಟು. ಎರಡೂ ರ‍್ಯಾಂಕಿನ ಮೇಲೇ. ಅದರ ಬೆನ್ನಿಗೆ 1994ರಲ್ಲಿ ಕರ್ನಾಟಕದಲ್ಲಿ ಸಿಇಟಿ ಸೆಲ್ ಶುರುವಾಯಿತು.

ನಾನು ಬರೆದದ್ದು 1997ರಲ್ಲಿ. ಕೌನ್ಸೆಲಿಂಗಿಗೆ ಅಪ್ಪನ ಜೊತೆ ರಾತ್ರಿ ಕೆಂಪು ಬಸ್ಸಲ್ಲಿ ಬೆಂಗಳೂರಿಗೆ ಬಂದೆ. ಅಪ್ಪ ಬೆಂಗಳೂರು ನೋಡಿದ್ದು ಅದೇ ಮೊದಲು. ಡಿಡಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಅಂಗಿ ಒಳಗಿನ ಬನಿಯನ್ ಜೇಬಲ್ಲಿ ಇಟ್ಟು, ಜೇಬಿನ ಬಾಯಿಗೆ ಅವ್ವ ಸೂಜಿ ದಾರದಲ್ಲಿ ಹೊಲಿದು ಕಳಿಸಿದ್ದಳು. ಬೆಳಿಗ್ಗೆ ಹೋಗಿ ಕೂತರೆ ಹಾಲ್ ತುಂಬಾ ನಮ್ಮಂಥವರೇ. ಧೋತರ, ಟವೆಲ್, ಫೈಲು, ಬುತ್ತಿ ಗಂಟು. ಮಧ್ಯೆ ಮಧ್ಯೆ ಇಸ್ತ್ರಿ ಅಂಗಿಯವರು.

ಅಪ್ಪ ಪಕ್ಕದವರನ್ನು ಮೆಲ್ಲಗೆ ಕೇಳಿದ: "ಇಲ್ಲಿ ಯಾರಿಗೆ ಹೇಳಿಸಬೇಕಾಗ್ತದ್ರಿ?"

ಅವರು ಮಂಡ್ಯದ ಕಡೆಯವರು. "ಯಾರ್ಗೂ ಬ್ಯಾಡ ಕಣ್ ಯಜಮಾನ್ರೇ. ನಂಬರ್ ಕೂಗ್ತಾರೆ, ಒಳಕ್ ಹೋಗೋದು, ಬೇಕಾದ್ ಕಾಲೇಜ್ ಹೇಳೋದು, ಅಷ್ಟೇಯ."

ಅಪ್ಪ ನಂಬಲಿಲ್ಲ. ಐದು ಎಕರೆ ಬೆಳೆಸಾಲಕ್ಕೂ ಯಾರಿಗಾದರೂ ಹೇಳಿಸಿಯೇ ಅಭ್ಯಾಸ ಆದವನು. ನಮ್ಮ ಊರ ಕಡೆಯ ಎಂಎಲ್ಎ ಅವರ ಚೀಟಿ ತರಲಿಲ್ಲವಲ್ಲ ಅಂತ ಎರಡು ಸಲ ಅಂದ. ನಂಬರ್ ಬಂತು. ಒಳಗೆ ಹೋದೆವು. ಕಂಪ್ಯೂಟರ್ ಮುಂದೆ ಕೂತಿದ್ದ ಹೆಣ್ಣುಮಗಳು ಯಾವ ಕಾಲೇಜು ಅಂತ ಕೇಳಿದಳು. ದಾವಣಗೆರೆ, ಮೆಕ್ಯಾನಿಕಲ್, ಫ್ರೀ ಸೀಟು. ಹತ್ತು ನಿಮಿಷವೂ ಆಗಲಿಲ್ಲ. ಹೊರಗೆ ಬಂದಮೇಲೆ ಅಪ್ಪ ಮೆಟ್ಟಿಲ ಮೇಲೆ ನಿಂತು, "ಮುಗೀತಾ? ಯಾರಿಗೂ ಏನೂ ಕೊಡೂದಿಲ್ಲಾ?" ಅಂತ ಕೇಳಿದ. ಆಮೇಲೆ ಟೀ ಅಂಗಡಿಯಲ್ಲೂ ಇನ್ನೊಮ್ಮೆ ಕೇಳಿದ. ಸಾಯೋವರೆಗೂ ಅವನು ಊರವರಿಗೆ ನನ್ನ ಸೀಟಿನ ಕಥೆ ಹೇಳುವಾಗ ರ‍್ಯಾಂಕಿನ ಸುದ್ದಿ ಎತ್ತುತ್ತಿರಲಿಲ್ಲ. "ಯಾರಿಗೂ ಹೇಳಿಸಲಿಲ್ಲ" ಅಂತಲೇ ಶುರು ಮಾಡುತ್ತಿದ್ದ.

ಆ ಅರ್ಧ ಫ್ರೀ, ಅರ್ಧ ಪೇಮೆಂಟ್ ಲೆಕ್ಕ ಜಾಸ್ತಿ ವರ್ಷ ಉಳಿಯಲಿಲ್ಲ. 2002ರ ಅಕ್ಟೋಬರ್ 31ರಂದು ಟಿ.ಎಂ.ಎ. ಪೈ ಫೌಂಡೇಷನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ ಉನ್ನಿಕೃಷ್ಣನ್ ಯೋಜನೆಯನ್ನು ತೆಗೆದುಹಾಕಿತು. ಅದೂ ಕರ್ನಾಟಕದ್ದೇ ಪ್ರಕರಣ, ಮಣಿಪಾಲದಿಂದ ಹೋದದ್ದು. ಕೋರ್ಟಿನ ತರ್ಕ ಪೂರ್ತಿ ತಪ್ಪು ಅಂತ ನಾನು ಹೇಳಲ್ಲ. ಪೇಮೆಂಟ್ ಸೀಟಿನ ಹುಡುಗನ ಅಪ್ಪ ಸಾಲ ಮಾಡಿ ಕಟ್ಟಿದ ದುಡ್ಡಲ್ಲಿ ಫ್ರೀ ಸೀಟಿನ ಡಾಕ್ಟರ ಮಗ ಓದಿದ್ದೂ ಇದೆ. ಯಾಕೆಂದರೆ ಒಳ್ಳೆ ರ‍್ಯಾಂಕು ಬರುತ್ತಿದ್ದದ್ದು ಜಾಸ್ತಿ ಡಾಕ್ಟರ ಮಕ್ಕಳಿಗೇ. ಆದರೆ ಆಮೇಲೆ ಆದದ್ದೇನು? ಈಗ ಒಂದೇ ಖಾಸಗಿ ಎಂಜಿನಿಯರಿಂಗ್ ಕ್ಲಾಸಿನಲ್ಲಿ ಸಿಇಟಿ ಸೀಟು, ಖಾಸಗಿ ಕಾಲೇಜುಗಳ ಒಕ್ಕೂಟದ ಪರೀಕ್ಷೆಯಿಂದ ಸಿಗುವ ಕಾಮೆಡ್‌ಕೆ ಸೀಟು, ಮ್ಯಾನೇಜ್‌ಮೆಂಟ್ ಸೀಟು ಅಂತ ಮೂರು ಥರದ ಫೀಸಿನವರು ಒಂದೇ ಬೆಂಚಲ್ಲಿ ಕೂತಿರುತ್ತಾರೆ. 1989ರ ಆ ಪಟ್ಟಿ ನೆನಪಾಗುತ್ತೆ ಅಲ್ವಾ.

ಸರಿ, ಆ ಕೌನ್ಸೆಲಿಂಗ್ ಹಾಲಿಗೆ ವಾಪಸ್ ಬರೋಣ. ಅಲ್ಲಿ ಕೂತಾಗ ಇದೇ ನ್ಯಾಯ ಅನ್ನಿಸಿತ್ತು. ಅಲ್ಲಿಗೆ ಬಾರದೇ ಹೋದವರು ಕಾಣುತ್ತಿರಲಿಲ್ಲವಲ್ಲ. ನಮ್ಮ ಎಸ್ಸೆಸ್ಸೆಲ್ಸಿ ಕ್ಲಾಸಿನಲ್ಲಿ 58 ಜನ ಇದ್ದೆವು. ಪಾಸಾದವರು 21. ಸೈನ್ಸಿಗೆ ಹೋದವರು ನಾಲ್ಕು. ಸಿಇಟಿ ಬರೆದವರು ಇಬ್ಬರು. ನನಗಿಂತ ಲೆಕ್ಕದಲ್ಲಿ ಜೋರಿದ್ದವನೊಬ್ಬ ಇದ್ದ. ಮೇಷ್ಟ್ರು ಬೋರ್ಡ್ ಮೇಲೆ ಲೆಕ್ಕ ಬರೆದು ಮುಗಿಸುವುದರೊಳಗೆ ಉತ್ತರ ಹೇಳುತ್ತಿದ್ದ. ಇಂಗ್ಲಿಷ್ ಪೇಪರಿನಲ್ಲಿ ಫೇಲ್. ಅಕ್ಟೋಬರಿನಲ್ಲಿ ಮತ್ತೆ ಫೇಲ್. ಈಗ ಗೊಬ್ಬರದ ಅಂಗಡಿ ಇಟ್ಟಿದ್ದಾನೆ, ಕ್ಯಾಲ್ಕುಲೇಟರ್ ಮುಟ್ಟಲ್ಲ.

ಇದು ಬದಲಾಗಿದೆಯಾ? 2024ರ ಎಸ್ಸೆಸ್ಸೆಲ್ಸಿ ಫಲಿತಾಂಶ ನೋಡಿ. ಉಡುಪಿ ಶೇ. 94. ಯಾದಗಿರಿ ಶೇ. 50.59. ಒಂದೇ ಪುಸ್ತಕ, ಒಂದೇ ಪ್ರಶ್ನೆಪತ್ರಿಕೆ, ಒಂದೇ ದಿನ. ಯಾದಗಿರಿಯಲ್ಲಿ ಅರ್ಧ ಮಕ್ಕಳು ಹದಿನಾರನೇ ವಯಸ್ಸಿಗೆ ಆಟದಿಂದ ಹೊರಗೆ. ಸಿಇಟಿ, ಕೋಟಾ, ಮೆರಿಟ್ಟು, ಟಿವಿ ಚರ್ಚೆ, ಎಲ್ಲ ಶುರುವಾಗುವುದು ಇದರ ಆಮೇಲೆ. 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ 114 ತಾಲೂಕುಗಳು ಹಿಂದುಳಿದಿವೆ, ಅದರಲ್ಲಿ 39 ತೀರಾ ಹಿಂದುಳಿದಿವೆ ಅಂತ ಪಟ್ಟಿ ಮಾಡಿ ಕೊಟ್ಟಿತು. ಆ ವರ್ಷ ಹುಟ್ಟಿದ ಮಕ್ಕಳು ಈಗ ಮದುವೆ ಮಾಡಿಕೊಳ್ಳುತ್ತಿದ್ದಾರೆ.

ದಾಟಿ ಬಂದವರಿಗೆ ಮುಂದೆ ಕೋಚಿಂಗ್. ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅಂಕ ಅರ್ಧ, ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಅಂಕ ಅರ್ಧ. ಕಾಗದದ ಮೇಲೆ ಒಳ್ಳೆ ಸೂತ್ರ. ಎರಡು ವರ್ಷ ಕ್ಲಾಸಲ್ಲಿ ಕೂತು ಓದಿದ್ದಕ್ಕೂ ಬೆಲೆ ಇರಲಿ ಅಂತ. ಆದರೆ ಇಂಟಿಗ್ರೇಟೆಡ್ ಕಾಲೇಜು ಅಂತ ಬಂದಿವೆಯಲ್ಲ, ಪಿಯುಸಿಯೂ ಅಲ್ಲೇ, ಕೋಚಿಂಗೂ ಅಲ್ಲೇ, ಊಟ ನಿದ್ದೆಯೂ ಅಲ್ಲೇ. ಎರಡೂ ಅರ್ಧ ಅವರೇ ನೋಡಿಕೊಳ್ತಾರೆ. ನಮ್ಮ ತಾಲೂಕು ಊರಿನ ಸರ್ಕಾರಿ ಪಿಯು ಕಾಲೇಜಿನಲ್ಲಿ ಅಣ್ಣನ ಮಗಳಿಗೆ ಮೊದಲ ವರ್ಷ ಡಿಸೆಂಬರಿನವರೆಗೆ ಮ್ಯಾಥ್ಸಿಗೆ ಲೆಕ್ಚರರ್ ಇರಲಿಲ್ಲ. ಆಮೇಲೆ ಒಬ್ಬ ಅತಿಥಿ ಉಪನ್ಯಾಸಕ ಬಂದ, ಒಳ್ಳೆಯ ಹುಡುಗ, ಭಾನುವಾರವೂ ಪಾಠ ಮಾಡಿದ. ಅವಳು ಬರೆದದ್ದು ಅವನ ಪುಣ್ಯದಿಂದ.

ಬೆಂಗಳೂರಿನಲ್ಲಿ ನಮ್ಮ ಮನೆಗೆಲಸಕ್ಕೆ ಬರುವ ಅಕ್ಕನ ಕಥೆ ಇದಕ್ಕಿಂತ ವಿಚಿತ್ರ. ಇಬ್ಬರು ಗಂಡುಮಕ್ಕಳು. ದೊಡ್ಡವನಿಗೆ 2016ರಲ್ಲಿ, ಶಿಕ್ಷಣ ಹಕ್ಕು ಕಾಯ್ದೆಯಡಿ ಬಡವರ ಮಕ್ಕಳಿಗೆ ಖಾಸಗಿ ಶಾಲೆಯಲ್ಲಿ ಕೊಡುವ ಆರ್‌ಟಿಇ ಸೀಟು ಸಿಕ್ಕಿತು, ಹತ್ತಿರದ ಒಂದು ಖಾಸಗಿ ಶಾಲೆಯಲ್ಲಿ ಒಂದನೇ ಕ್ಲಾಸು. ಆಗ ರಾಜ್ಯದಲ್ಲಿ ವರ್ಷಕ್ಕೆ ಲಕ್ಷಕ್ಕೂ ಹೆಚ್ಚು ಆರ್‌ಟಿಇ ಸೀಟು ಇರುತ್ತಿದ್ದವು. ಟೈ, ಶೂ, ಡೈರಿ. ಆಯಮ್ಮ ಮೊಬೈಲಲ್ಲಿ ಫೋಟೋ ತೋರಿಸಿದ್ದೇ ತೋರಿಸಿದ್ದು. ಚಿಕ್ಕವನಿಗೆ 2019ರಲ್ಲಿ ಅರ್ಜಿ ಹಾಕಲು ಹೋದರೆ ಆಗಲ್ಲ ಅಂದರು. ಅಷ್ಟರಲ್ಲಿ ನಿಯಮ ಬದಲಾಗಿತ್ತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆರ್‌ಟಿಇ ಸೀಟು ಇಲ್ಲ. ಸರ್ಕಾರದ ವಾದ ನನಗೆ ಅರ್ಥವಾಗುತ್ತೆ. ತನ್ನ ಶಾಲೆ ಖಾಲಿ ಬಿಟ್ಟು ಖಾಸಗಿಯವರಿಗೆ ಯಾಕೆ ದುಡ್ಡು ಕಟ್ಟಬೇಕು ಅಂತ. ಸರಿಯಾದ ಪ್ರಶ್ನೆಯೇ. ಹೈಕೋರ್ಟೂ ಒಪ್ಪಿತು. ಆದರೆ ಆ ಎರಡು ಮಕ್ಕಳು ಒಂದೇ ಚಾಪೆ ಮೇಲೆ ಮಲಗುತ್ತಿದ್ದರು. ಬೆಳಿಗ್ಗೆ ಒಬ್ಬ ಟೈ ಕಟ್ಟಿಕೊಂಡು ಆ ಕಡೆ, ಇನ್ನೊಬ್ಬ ನೀಲಿ ಅಂಗಿ ಹಾಕಿಕೊಂಡು ಈ ಕಡೆ.

ಕಥೆ ಮುಗಿಯಲಿಲ್ಲ. ಕಾಯ್ದೆ ಹಕ್ಕು ಕೊಟ್ಟಿರುವುದು ಎಂಟನೇ ಕ್ಲಾಸಿನವರೆಗೆ. 2024ರಲ್ಲಿ ದೊಡ್ಡವನು ಎಂಟು ಮುಗಿಸಿದ. ಒಂಬತ್ತಕ್ಕೆ ಶಾಲೆಯವರು ಫೀಸು ಕಟ್ಟಿ ಅಂದರು. ಆಯಮ್ಮ ನಾಲ್ಕು ಮನೆಯಲ್ಲಿ ಸಾಲ ಕೇಳಿದರು, ನಮ್ಮನ್ನೂ ಕೇಳಿದರು, ನಾವು ಅರ್ಧ ಕೊಟ್ಟೆವು. ಕೊನೆಗೆ ಲೆಕ್ಕ ಹಾಕಿ, ಇದು ಹತ್ತನೇ ಕ್ಲಾಸಿಗೂ ಕಟ್ಟಬೇಕಲ್ಲ ಅಂತ, ಸರ್ಕಾರಿ ಹೈಸ್ಕೂಲಿಗೆ ಸೇರಿಸಿದರು. ನಮ್ಮ ದುಡ್ಡು ವಾಪಸ್ ತಂದುಕೊಟ್ಟರು. ಹುಡುಗ ಒಂದು ತಿಂಗಳು ಯಾರ ಜೊತೆಯೂ ಮಾತಾಡಲಿಲ್ಲವಂತೆ. ತಮ್ಮನದು ಪಕ್ಕದ ಕಾಂಪೌಂಡು. ಈಗ ಇಬ್ಬರೂ ಒಟ್ಟಿಗೆ ಹೋಗ್ತಾರೆ. "ಈಗ ಒಂಥರಾ ನೆಮ್ದಿ ಅಣ್ಣ, ಇಬ್ರಿಗೂ ಒಂದೇ" ಅಂದರು ಆಯಮ್ಮ. ಅದಕ್ಕೆ ಏನು ಹೇಳಬೇಕೋ ನನಗೆ ತಿಳಿಯಲಿಲ್ಲ.

ನನ್ನನ್ನು ಕೇಳಿದರೆ, ನಮ್ಮ ನಾಡಿನಲ್ಲಿ ಬಡವರ ಮಕ್ಕಳನ್ನು ಮೇಲೆ ತಂದದ್ದರಲ್ಲಿ ಸೀಟಿಗಿಂತ ದೊಡ್ಡ ಪಾಲು ಹಾಸ್ಟೆಲಿನದು. ವಾರಾನ್ನದ ಕಾಲದಿಂದ ನೋಡಿ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಅಂತ ಉಂಡು ಓದಿದವರು ಎಷ್ಟು ಜನ. ಆದರೆ ಎಲ್ಲ ಜಾತಿಯ ಹುಡುಗನಿಗೂ ವಾರಾನ್ನದ ಮನೆ ಬಾಗಿಲು ತೆರೆಯುತ್ತಿರಲಿಲ್ಲವಲ್ಲ. ಆಮೇಲೆ ಮಠದ ಹಾಸ್ಟೆಲುಗಳು ಬಂದವು, ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಗಟ್ಟಲೆ ಮಕ್ಕಳು ಉಂಡು ಓದಿದರು. ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲು, ಹಿಂದುಳಿದ ವರ್ಗಗಳ ಮಕ್ಕಳಿಗೆ ಬಿಸಿಎಂ ಹಾಸ್ಟೆಲು ಬಂದವು. ನಾನು ಬಿಸಿಎಂ ಹಾಸ್ಟೆಲಿನವನು. ಒಂದು ಟ್ರಂಕು, ಒಂದು ಕಂಬಳಿ, ಒಂದು ತಟ್ಟೆ. ತಟ್ಟೆಯ ಹಿಂದೆ ಮೊಳೆಯಲ್ಲಿ ಕೆತ್ತಿದ ಹೆಸರು. ಸಾರಿನಲ್ಲಿ ಬೇಳೆ ಸಿಕ್ಕವನಿಗೆ ಚಪ್ಪಾಳೆ. ಬೈದುಕೊಂಡೇ ಉಣ್ಣುತ್ತಿದ್ದೆವು. ಆದರೆ ಆ ಊಟ ಇಲ್ಲದಿದ್ದರೆ ರಾಯಚೂರಿನಲ್ಲಿ ನಾನು ಒಂದು ವಾರವೂ ಇರುತ್ತಿರಲಿಲ್ಲ. 2002ರಲ್ಲಿ ಶಾಲೆಯ ಬಿಸಿಯೂಟ, ಅಕ್ಷರ ದಾಸೋಹ, ಶುರುವಾದಾಗ, ಆಮೇಲೆ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಟ್ಟಾಗ, ಇದೆಲ್ಲ ಓಟಿನ ಗಿಮಿಕ್ಕು ಅಂದವರು ನನ್ನ ಆಫೀಸಿನಲ್ಲಿ ಬೇಕಾದಷ್ಟು ಜನ. ಅವರ‍್ಯಾರೂ ಆರು ಕಿಲೋಮೀಟರ್ ನಡೆದು ಹೈಸ್ಕೂಲಿಗೆ ಹೋದವರಲ್ಲ. ಈಗ ಆ ಸೈಕಲ್ಲೂ ನಿಂತುಹೋಗಿದೆ.

ಜಗಳ ಮಾತ್ರ ಯಾವಾಗಲೂ ಸೀಟಿನದ್ದೇ. ಹೊಸದೂ ಅಲ್ಲ. ನಾಲ್ವಡಿಯವರು 1918ರಲ್ಲಿ ಹಿಂದುಳಿದವರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಕೊಡುವುದಕ್ಕೆ ಲೆಸ್ಲಿ ಮಿಲ್ಲರ್ ಸಮಿತಿ ಮಾಡಿದಾಗ ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಅದು ಒಪ್ಪಿಗೆ ಇರಲಿಲ್ಲ. ದಕ್ಷತೆ ಕೆಡುತ್ತೆ ಅನ್ನೋದು ಅವರ ಚಿಂತೆ. 1962ರಲ್ಲಿ ಮೈಸೂರು ಸರ್ಕಾರ ಎಂಜಿನಿಯರಿಂಗ್, ಮೆಡಿಕಲ್ ಸೀಟುಗಳಲ್ಲಿ ಶೇ. 68 ಮೀಸಲಿಟ್ಟಾಗ ಎಂ.ಆರ್. ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ಹೊಡೆದುಹಾಕಿತು. ಶೇ. 50ರ ಮಿತಿ ಅಂತ ದೇಶವೆಲ್ಲ ಮಾತಾಡುತ್ತಲ್ಲ, ಅದು ಶುರುವಾದದ್ದು ಇಲ್ಲಿಂದ. ನೂರು ವರ್ಷದಿಂದ ನಾವು ಕೊನೆಯ ಬಾಗಿಲಿನಲ್ಲಿ ಯಾರನ್ನು ಒಳಗೆ ಬಿಡಬೇಕು ಅಂತ ಕಿತ್ತಾಡುತ್ತಿದ್ದೇವೆ. ಮಿಲ್ಲರ್ ವರದಿ ಇಲ್ಲದಿದ್ದರೆ, ಎಪ್ಪತ್ತರ ದಶಕದ ಹಿಂದುಳಿದ ವರ್ಗಗಳ ಹಾವನೂರು ಆಯೋಗ ಇಲ್ಲದಿದ್ದರೆ ನಮ್ಮ ಮನೆತನದಲ್ಲಿ ಯಾರೂ ಆ ಬಾಗಿಲ ಹತ್ತಿರವೂ ಬರುತ್ತಿರಲಿಲ್ಲ, ಅದು ಗೊತ್ತಿದೆ ನನಗೆ. ಬಾಗಿಲಿನ ಜಗಳ ಬೇಡ ಅಂತ ಹೇಳುವ ಯೋಗ್ಯತೆ ನನಗಿಲ್ಲ. ಬಾಗಿಲಲ್ಲಿ ತೋರಿಸಬೇಕಾದ ಚೀಟಿಯಲ್ಲಿ ಏನು ಬರೆದಿದೆ ಅನ್ನೋದನ್ನಾದರೂ ಆಗಾಗ ಓದಿ ನೋಡಬೇಕು ಅಂತ ಅಷ್ಟೇ.

ಬೇರೆ ರೀತಿ ಅಳೆಯೋಕೆ ಆಗಲ್ವಾ? ತಮಿಳುನಾಡು 2020ರಲ್ಲಿ ಮೆಡಿಕಲ್ ಸೀಟುಗಳಲ್ಲಿ ಶೇ. 7.5ನ್ನು ಸರ್ಕಾರಿ ಶಾಲೆಯಲ್ಲಿ 6ರಿಂದ 12ರವರೆಗೆ ಓದಿದವರಿಗೆ ಇಟ್ಟಿತು. ಹಳ್ಳಿಯೋ ಪಟ್ಟಣವೋ ಅಂತ ಕೇಳಲಿಲ್ಲ. ಆ ಲೆಕ್ಕದಲ್ಲಾದರೆ ಅಣ್ಣನ ಮಗಳು ಒಳಗೆ, ಮನೆಗೆಲಸದ ಅಕ್ಕನ ಚಿಕ್ಕ ಮಗ ಒಳಗೆ, ಈಜುಕೊಳದ ಶಾಲೆ ಹೊರಗೆ. ದೊಡ್ಡ ಮಗನೂ ಒಳಗೆ, ಆರ್‌ಟಿಇಯಲ್ಲಿ ಎಂಟರವರೆಗೆ ಖಾಸಗಿ ಶಾಲೆಯಲ್ಲಿ ಓದಿ ಆಮೇಲೆ ಸರ್ಕಾರಿ ಶಾಲೆಗೆ ಬಂದವರನ್ನೂ ಅಲ್ಲಿ ಸೇರಿಸಿದ್ದಾರೆ. ಹಾಗಂತ ಯಾವ ಅಳತೆಗೋಲು ತಂದರೂ ಎಲ್ಲೋ ಒಬ್ಬ ಜಾರಿ ಬೀಳುತ್ತಾನೆ. ಆದರೂ ಯಾರು ಬೀಳುತ್ತಾರೆ ಅನ್ನೋದರಲ್ಲಿ ವ್ಯತ್ಯಾಸ ಇದೆ ಅಲ್ವಾ.

ಅಣ್ಣನ ಮಗಳಿಗೆ ಸೀಟು ಸಿಕ್ಕಿತು, ಹೇಳುವುದೇ ಮರೆತೆ. 371(ಜೆ) ಕೈ ಹಿಡಿಯಿತು. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದದ್ದು ಅದು. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ. 70 ಸೀಟು ಅಲ್ಲಿನವರಿಗೆ, ರಾಜ್ಯದ ಉಳಿದ ಕಡೆ ಶೇ. 8. ಕಲಬುರಗಿಯಲ್ಲಿ ಇ ಅಂಡ್ ಸಿ, ಅಂದ್ರೆ ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್. ಆ ಸರ್ಟಿಫಿಕೇಟಿಗೆ ಎಸಿ (ಉಪವಿಭಾಗಾಧಿಕಾರಿ) ಆಫೀಸಿನವರು ಕೇಳಿದ್ದು ಅವಳು ಎಲ್ಲಿಯವಳು ಅಂತ. ಶಾಲೆಯ ಕಾಂಪೌಂಡು ಯಾರ ಮಿತಿಯಲ್ಲಿದೆ ಅಂತ ಕೇಳಲಿಲ್ಲ. ಅಣ್ಣ ನಾಲ್ಕು ಸಲ ತಿರುಗಾಡಿ ಮಾಡಿಸಿದ.

ಕಳೆದ ತಿಂಗಳು ಆಫೀಸಿನಲ್ಲಿ ಊಟ ಮಾಡುವಾಗ ಈ ಕಥೆ ಹೇಳಿದೆ. ಬೀದರಿನ ಗೆಳೆಯನೊಬ್ಬ ಚಪಾತಿ ಮುರಿಯುತ್ತಾ, "ನಿನ್ನ ಮಗಳದ್ದೂ ಮಾಡಿಸಿಡು ಮಾರಾಯ. ಅಪ್ಪ ಆ ಕಡೆಯವನಾದರೆ ಆಗುತ್ತಂತೆ" ಅಂದ. ನನ್ನ ಮಗಳು ಈಗ ಒಂಬತ್ತನೇ ಕ್ಲಾಸು. ಹುಟ್ಟಿದ್ದು ಜಯನಗರದ ಆಸ್ಪತ್ರೆಯಲ್ಲಿ. ರೊಟ್ಟಿ ಅಂದ್ರೆ ಅವಳಿಗೆ ಅಕ್ಕಿ ರೊಟ್ಟಿ. ರಾಯಚೂರು ಬಿಸಿಲಿಗೆ ಎರಡು ದಿನ ಇದ್ದರೆ ಮೂಗಿನಲ್ಲಿ ರಕ್ತ ಬರುತ್ತೆ. ಆರನೇ ಕ್ಲಾಸಿನಿಂದ ಒಲಿಂಪಿಯಾಡ್ ಅಂತ ಏನೇನೋ ಕೋಚಿಂಗ್ ಹಾಕಿದ್ದೇವೆ. ಅವಳು ಮತ್ತು ಅಣ್ಣನ ಮಗಳು ಒಂದೇ ಪಟ್ಟಿಯಲ್ಲಿ ನಿಂತರೆ ಯಾರು ಮುಂದೆ ಹೋಗುತ್ತಾರೆ ಅಂತ ನನಗೆ ಚೆನ್ನಾಗಿ ಗೊತ್ತು. ಗೆಳೆಯ ಹೇಳಿದ್ದು ನಿಜವೋ ಸುಳ್ಳೋ ನಾನು ವಿಚಾರಿಸಲಿಲ್ಲ. ವಿಚಾರಿಸಲಿಲ್ಲ ಅಂದ್ರೆ, ಮಾಡಿಸಲ್ಲ ಅಂತ ತೀರ್ಮಾನ ಮಾಡಿದೆ ಅಂತ ಅರ್ಥ ಅಲ್ಲ.

ಹೆಂಡತಿ ಎಲ್ಲಿಂದಲೋ ಈ ವಿಷಯ ಅಣ್ಣನ ಕಿವಿಗೆ ಹಾಕಿದ್ದಾಳೆ. ಮೊನ್ನೆ ಹಗಲು ಹೊತ್ತಲ್ಲಿ ಮತ್ತೆ ಅವನ ಫೋನ್.

"ಎಸಿ ಆಫೀಸಿನ ಕಡೆ ಹೊಂಟೀನಿ ನಾಳೆ, ಹೊಲದ ಕೆಲಸ ಐತಿ. ನಿನ್ ಮಗಳ ಜನ್ಮ ಪ್ರಮಾಣಪತ್ರ, ನಿನ್ನ ಟಿಸಿ ಎರಡೂ ವಾಟ್ಸಪ್ಪಿಗೆ ಹಾಕು. ಕೇಳಿ ನೋಡ್ತೀನಿ. ಈಗ ಅಲ್ಲಿ ಗುಮಾಸ್ತರೆಲ್ಲ ನನ್ನ ಗುರುತ ಹಿಡೀತಾರ."

"ನೋಡೋಣ ಅಣ್ಣ" ಅಂದೆ.

"ನೋಡೂದೇನೈತಿ, ಹಾಕು" ಅಂತ ಇಟ್ಟ. ಟಿಸಿ ಟ್ರಂಕಿನಲ್ಲೇ ಇದೆ. ಟ್ರಂಕು ಅಟ್ಟದ ಮೇಲಿದೆ, ಇನ್ನೂ ಇಳಿಸಿಲ್ಲ.